ಗ್ಯಾರೇಜ್ ಕಟ್ಟೆ: ಕೆಂಪು ಎಣ್ಣೆ ಕಪ್ಪಾಗುವ ಮೊದಲು

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮದು ಮೂವತ್ತು ಎಕರೆ ಕಾಫಿ ತೋಟ. ನಾಲ್ಕು ವರ್ಷದ ಹಿಂದೆ ಡಬಲ್ ಕ್ಯಾಬ್ ಪಿಕಪ್ ತಗೊಂಡೆ. ಡೀಸೆಲ್, ಆರು ಗೇರಿನ ಆಟೋಮ್ಯಾಟಿಕ್, ಫೋರ್ ವೀಲ್ ಡ್ರೈವ್. ಈಗ 71,000 ಕಿ.ಮೀ. ಓಡಿದೆ. ದಿನಾ ತೋಟದ ಏರು, ಕೊಯ್ಲಿನಲ್ಲಿ ಮೂಟೆ, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರು. ಸರ್ವಿಸ್‌ನಲ್ಲಿ ಕೇಳಿದರೆ ‘ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಸರ್, ಮುಟ್ಟೋದೇ ಬೇಡ’ ಅಂತಾರೆ. ಊರಿನ ಮೆಕ್ಯಾನಿಕ್ ‘ಮೆಷಿನ್ ಹಾಕಿ ಫ್ಲಶ್ ಮಾಡಿಸಿ’ ಅಂತಾರೆ. ನನ್ನ ತಮ್ಮ ‘ಹಳೇ ಆಯಿಲ್ ತೆಗೆದರೆ ಗೇರ್ ಸ್ಲಿಪ್ ಆಗುತ್ತೆ’ ಅಂತ ಹೆದರಿಸ್ತಾನೆ. ಯಾರ ಮಾತು ಕೇಳಲಿ? ಮನೆಯಲ್ಲೇ ಮಾಡಬಹುದಾ?
– ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಬದಲಿಸಿ. ಅರೇಬಿಕಾ ಕೊಯ್ಲು ಶುರುವಾಗುವ ಮೊದಲೇ ಬದಲಿಸಿ. ಮೂಟೆ ಹೊರುವ ದಿನಗಳಿಗೆ ಗಾಡಿ ಹೊಸ ಆಯಿಲ್‌ನಲ್ಲಿ ಇಳಿಯಲಿ.

‘ಲೈಫ್‌ಟೈಮ್’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಸಮತಟ್ಟು ರಸ್ತೆಯಲ್ಲಿ ಒಬ್ಬರೇ ಕೂತು ಆಫೀಸಿಗೆ ಹೋಗಿ ಬರುವ ಗಾಡಿಯಲ್ಲಿ ಆ ಆಯಿಲ್ ಬಹಳ ವರ್ಷ ಬಾಳುತ್ತದೆ. ಆದರೆ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಸರ್ವಿಸ್ ಪಟ್ಟಿಯ ಪುಟ ತೆಗೆದು ನೋಡಿ. ಕಷ್ಟದ ಬಳಕೆಗೆ ಎಷ್ಟೋ ಕಂಪನಿಗಳು ಬೇರೆ ಲೆಕ್ಕವನ್ನೇ ಕೊಟ್ಟಿರುತ್ತವೆ. ಏರು, ಭಾರ, ಧೂಳು, ನಿಧಾನದ ಓಟ ಎಲ್ಲ ಅದರಲ್ಲೇ ಬರುತ್ತದೆ. ನಿಮ್ಮ ತೋಟದಲ್ಲಿ ಈ ನಾಲ್ಕೂ ಇವೆ ಅಲ್ವಾ?

ನಾನು ಇದನ್ನು ಕಲಿತದ್ದು ಮಸ್ಕತ್‌ನಲ್ಲಿ. ಪುತ್ತೂರಿನಲ್ಲಿ ಸ್ವಂತ ವರ್ಕ್‌ಶಾಪ್ ಹಾಕುವ ಮೊದಲು ಹದಿನೇಳು ವರ್ಷ ಅಲ್ಲಿ ಪಿಕಪ್‌ಗಳ ಅಡಿಯಲ್ಲೇ ಮಲಗಿದ್ದೆ. ಇಲ್ಲಿ ಹೈಲಕ್ಸ್, ವಿ-ಕ್ರಾಸ್ ಬರುವ ತನಕ ಆಟೋಮ್ಯಾಟಿಕ್ ಪಿಕಪ್ ಎನ್ನುವುದೇ ಅಪರೂಪ. ಅಲ್ಲಿ ಅದು ದಿನದ ಕೆಲಸ. ಒಮಾನಿನಲ್ಲಿ ಜಬಲ್ ಅಖ್ದರ್ ಅಂತ ಬೆಟ್ಟ ಇದೆ. ಮೇಲಿನ ಸೈಕ್ ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ಬುಡದ ಚೆಕ್‌ಪೋಸ್ಟ್‌ನಲ್ಲೇ ಪೊಲೀಸರು ವಾಪಸ್ ಕಳಿಸುತ್ತಾರೆ. ಆ ಬೆಟ್ಟಕ್ಕೆ ಸಾಮಾನು ಹೊರುವ ಪಿಕಪ್‌ಗಳೂ ನಮ್ಮಲ್ಲಿಗೆ ಬರುತ್ತಿದ್ದವು, ಮಸ್ಕತ್ ಪೇಟೆಯೊಳಗೆ ಓಡುವವೂ ಬರುತ್ತಿದ್ದವು. ಮಾಡೆಲ್ ಒಂದೇ, ಓಡಿದ ಕಿಲೋಮೀಟರ್ ಕೂಡ ಹೆಚ್ಚುಕಡಿಮೆ ಒಂದೇ. ಪೇಟೆ ಗಾಡಿಯ ಆಯಿಲ್ ಇನ್ನೂ ಕೆಂಪಗಿರುತ್ತಿತ್ತು. ಬೆಟ್ಟದ ಗಾಡಿಯದ್ದು ಡಿಕಾಕ್ಷನ್ ಹಾಗೆ ಕಪ್ಪಾಗಿ ಇಳಿಯುತ್ತಿತ್ತು, ಸೀದ ವಾಸನೆ ಬೇರೆ. ಅಂದಿನಿಂದ ನಾನು ಮೀಟರ್ ನೋಡುವ ಮೊದಲು ಗಾಡಿ ಎಲ್ಲಿ ಓಡಿದೆ ಎಂದು ಕೇಳುತ್ತೇನೆ. ತೋಟದ ಗಾಡಿಗೆ ನಾನು ಹೇಳುವ ಲೆಕ್ಕ 60,000 ಕಿ.ಮೀ.

ಆಯಿಲನ್ನು ಹೀಗೆ ಕಪ್ಪಾಗಿಸುವ ಬಿಸಿ ಹುಟ್ಟುವುದು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂತ ಟಾರ್ಕ್ ಕನ್ವರ್ಟರ್‌ನಲ್ಲಿ. ಒಂದು ಫ್ಯಾನ್ ಎದುರಿಗೆ ಇನ್ನೊಂದು ಫ್ಯಾನ್ ಇಟ್ಟು, ಮೊದಲನೆಯದರ ಗಾಳಿಗೆ ಎರಡನೆಯದು ತಿರುಗಿದ ಹಾಗೆ ಅದರ ಕೆಲಸ. ಗಾಳಿಯ ಬದಲು ಅಲ್ಲಿರುವುದು ಆಯಿಲ್. ಏರಿನಲ್ಲಿ ಭಾರ ಹೊತ್ತು ನಿಧಾನ ಹತ್ತುವಾಗ ಎಂಜಿನ್ ಕಡೆಯದು ಜೋರಾಗಿ ತಿರುಗುತ್ತದೆ, ಚಕ್ರದ ಕಡೆಯದು ಹಿಂದೆ ಬೀಳುತ್ತದೆ. ಆ ವ್ಯತ್ಯಾಸವೆಲ್ಲ ಆಯಿಲ್‌ನಲ್ಲಿ ಶಾಖವಾಗುತ್ತದೆ. ಅದೇ ಆಯಿಲ್ ಗೇರ್ ಸವೆಯದಂತೆ ಕಾಯಬೇಕು, ಒತ್ತಡ ಕೊಟ್ಟು ಗೇರ್ ಬದಲಿಸಬೇಕು, ಒಳಗಿನ ಕ್ಲಚ್ ಪ್ಲೇಟುಗಳಿಗೆ ಹದವಾದ ಹಿಡಿತ ಕೊಡಬೇಕು. ಈ ಹಿಡಿತದ ಹದ ಸಿಗುವುದು ಬಹಳ ಕಷ್ಟ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಶುರುವಿನಲ್ಲಿ ಆ ಎಣ್ಣೆಗೆ ನಿಷೇಧ ಬಂತು. ಆಮೇಲೆ ಬೇರೆ ರಾಸಾಯನಿಕ ಹುಡುಕಿಕೊಂಡರು. ಅಷ್ಟು ನಾಜೂಕಿನ ವಸ್ತು ಇದು. ‘ಯಾವುದೋ ಕೆಂಪು ಆಯಿಲ್ ಸಾಕು’ ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಆಯಿಲ್‌ಗೆ ಚಿಕ್ಕದಾಗಿ ಎಟಿಎಫ್ ಅನ್ನುತ್ತಾರೆ. ಹೈಲಕ್ಸ್‌ಗೆ ಟೊಯೊಟಾ ಹೇಳುವುದು ‘ಎಟಿಎಫ್ ಡಬ್ಲ್ಯುಎಸ್’. ನಿಮ್ಮ ಪುಸ್ತಕದಲ್ಲಿ ಯಾವ ಹೆಸರಿದೆಯೋ ಅದೇ ಹೆಸರು ಡಬ್ಬಿಯ ಮೇಲೆ ಇರಬೇಕು. ಹೋದ ವರ್ಷ ಒಂದು ಪಿಕಪ್ಪನ್ನು ಟೋ ಮಾಡಿಕೊಂಡು ನನ್ನಲ್ಲಿಗೆ ತಂದರು. ಯಾರೋ ಅದಕ್ಕೆ ಮಾಮೂಲಿ ಗೇರ್ ಆಯಿಲ್, 90 ನಂಬರಿನದ್ದು, ಸುರಿದಿದ್ದರು. ಬೋಲ್ಟ್ ಬಿಚ್ಚಿದರೆ ಜೋನಿಬೆಲ್ಲದ ಹಾಗೆ ಇಳಿಯಿತು. ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕಾಯಿತು. ಗಾಡಿಯ ಯಜಮಾನರ ಮುಖ ನನಗೆ ಇನ್ನೂ ನೆನಪಿದೆ.

ಈಗ ಕೆಲಸದ ವಿಷಯ. ಮನೆಯಲ್ಲಿ ಮಾಡಬಹುದು, ಆದರೆ ನೆಲ ಸಮತಟ್ಟಾಗಿರಲಿ. ಕಾಫಿ ಒಣಗಿಸುವ ಕಣ ಇದೆಯಲ್ಲ, ಅದರಲ್ಲಿ ಒಂದು ಮೂಲೆ ಸಾಕು, ಅಡಿಗೆ ಶೀಟ್ ಹಾಸಿಕೊಳ್ಳಿ. ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗಬೇಡಿ. ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು, ಗಾಡಿ ಮಟ್ಟವಾಗಿ ನಿಂತಿದೆಯಾ ಎಂದು ನೋಡಿ.

ಮೊದಲು ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ. ಅದು ಬಿಚ್ಚಿಕೊಂಡ ಮೇಲೆ ಮಾತ್ರ ಇಳಿಸುವ ಬೋಲ್ಟ್‌ಗೆ ಕೈ ಹಾಕಿ. ನಾನು ಹೆಲ್ಪರ್ ಆಗಿದ್ದ ಮೊದಲ ವರ್ಷ ಇದನ್ನು ಉಲ್ಟಾ ಮಾಡಿದ್ದೆ. ಆಯಿಲ್ ಪೂರ್ತಿ ಇಳಿಸಿಬಿಟ್ಟೆ. ತುಂಬುವ ಬೋಲ್ಟ್ ತುಕ್ಕು ಹಿಡಿದು ಕೂತಿತ್ತು. ಗಾಡಿ ಎರಡು ದಿನ ನಿಂತಲ್ಲೇ ನಿಂತಿತು, ಗಿರಾಕಿಯ ಕೆಲಸ ಹಾಳಾಯಿತು. ಆ ತಪ್ಪು ನಿಮ್ಮಿಂದ ಆಗಬಾರದು.

ಇಳಿದ ಆಯಿಲನ್ನು ಚೆಲ್ಲದೆ ಅಳೆಯಿರಿ. ತಣ್ಣಗಾದ ಮೇಲೆ ಅಳೆಯಿರಿ, ಯಾಕೆಂದರೆ ಬಿಸಿ ಆಯಿಲ್ ಹಿಗ್ಗಿರುತ್ತದೆ. ಎಷ್ಟು ಇಳಿಯಿತೋ ಅಷ್ಟೇ ಹೊಸದನ್ನು ಕೈ ಪಂಪಿನಿಂದ ಪಕ್ಕದ ತೂತಿನಲ್ಲಿ ತುಂಬಿ. ನಿಮ್ಮಂಥ ಗಾಡಿಯಲ್ಲಿ ಅಳತೆ ಕಡ್ಡಿ ಸಾಮಾನ್ಯವಾಗಿ ಇರುವುದಿಲ್ಲ. ಎಂಜಿನ್ ಶುರು ಮಾಡಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಪಿ, ಆರ್, ಎನ್, ಡಿ ಎಂದು ಒಂದೊಂದರಲ್ಲೂ ಒಂದಷ್ಟು ಹೊತ್ತು ನಿಲ್ಲಿಸಿ ಮತ್ತೆ ಪಿಗೆ ತನ್ನಿ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಕೆಳಗಿನ ಓವರ್‌ಫ್ಲೋ ಬೋಲ್ಟ್, ಅಂದರೆ ಹೆಚ್ಚಾದ ಆಯಿಲ್ ಹೊರಗೆ ಬರುವ ಬೋಲ್ಟ್, ಬಿಚ್ಚಬೇಕು. ಸಣ್ಣ ಧಾರೆ ಬಂದು ಹನಿಗೆ ಇಳಿದರೆ ಮಟ್ಟ ಸರಿ. ಏನೂ ಬಾರದಿದ್ದರೆ ಕಡಿಮೆ ಆಗಿದೆ, ಬರುವ ತನಕ ತುಂಬಿ. ಇದನ್ನು ಆಯಿಲ್‌ನ ಬಿಸಿ ಕಂಪನಿ ಹೇಳಿದ ಮಿತಿಯಲ್ಲಿದ್ದಾಗಲೇ ನೋಡಬೇಕು. ಟೊಯೊಟಾದ ಹಲವು ಗೇರ್‌ಬಾಕ್ಸ್‌ಗಳಿಗೆ ಅದು 35ರಿಂದ 45 ಡಿಗ್ರಿ. ಜಾಸ್ತಿ ಬಿಸಿಯಾದ ಮೇಲೆ ನೋಡಿದರೆ ಹಿಗ್ಗಿದ ಆಯಿಲ್ ಸುಮ್ನೆ ಹೊರಗೆ ಹರಿಯುತ್ತದೆ. ತಣ್ಣಗಾದಾಗ ಒಳಗೆ ಕಡಿಮೆ ಉಳಿಯುತ್ತದೆ. ಬಿಸಿ ನೋಡಲು ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇಲ್ಲ ಅಂದರೆ ಇದೊಂದು ಕೆಲಸವನ್ನು ಬಲ್ಲ ವರ್ಕ್‌ಶಾಪಿಗೇ ಬಿಡಿ.

ಫ್ಲಶ್ ಬೇಕಾ? ಫ್ಲಶ್ ಅಂದರೆ ಮೆಷಿನ್‌ನಿಂದ ಹೊಸ ಆಯಿಲ್ ನೂಕಿ ಹಳೆಯದನ್ನು ಹೊರಗೆ ತಳ್ಳುವುದು. ನನಗೆ ಅದರ ಮೇಲೆ ಒಲವಿಲ್ಲ. ಬೋಲ್ಟ್ ಬಿಚ್ಚಿದರೆ ಗೇರ್‌ಬಾಕ್ಸ್ ಅಡಿಯ ತಟ್ಟೆಯಲ್ಲಿ, ಅಂದರೆ ಪ್ಯಾನ್‌ನಲ್ಲಿರುವುದು ಮಾತ್ರ ಇಳಿಯುತ್ತದೆ, ಕನ್ವರ್ಟರ್‌ನಲ್ಲಿರುವುದು ಅಲ್ಲೇ ಉಳಿಯುತ್ತದೆ ನಿಜ. ಒಟ್ಟು ಹತ್ತು ಲೀಟರ್ ಇದ್ದು ನಾಲ್ಕು ಇಳಿಯಿತು ಎಂದುಕೊಳ್ಳಿ. ಆಗ ಹೊಸದು ಶೇ. 40. ಸಾವಿರ ಕಿ.ಮೀ. ಓಡಿಸಿ ಮತ್ತೆ ಅಷ್ಟೇ ಬದಲಿಸಿ, ಶೇ. 64 ಆಗುತ್ತದೆ. ಮೂರನೇ ಸಲಕ್ಕೆ ಶೇ. 78. ಖರ್ಚು ಸ್ವಲ್ಪ ಜಾಸ್ತಿ, ಆದರೆ ಗೇರ್‌ಬಾಕ್ಸ್‌ಗೆ ಮೃದು. ನಿಮಗೆ ಎರಡು ಸಲ ಸಾಕು. ಎರಡನೇ ಸಲ ಪ್ಯಾನನ್ನೂ ಇಳಿಸಿ, ಫಿಲ್ಟರ್ ಮತ್ತು ಪ್ಯಾಕಿಂಗ್ ಹೊಸದು ಹಾಕಿ. ಪ್ಯಾನ್ ಒಳಗೆ ಅಯಸ್ಕಾಂತದ ತುಂಡುಗಳಿರುತ್ತವೆ. ಅವುಗಳ ಮೇಲೆ ಕಾಡಿಗೆಯಂಥ ನುಣುಪು ಪುಡಿ ಇದ್ದರೆ ಹೆದರಬೇಡಿ, ಅದು ಮಾಮೂಲಿ ಸವೆತ. ಕೈಗೆ ಚುಚ್ಚುವ ಚೂರು ಸಿಕ್ಕಿದರೆ ಗಾಡಿ ಓಡಿಸದೆ ನನಗೆ ಬರೆಯಿರಿ. ಆಯಿಲ್ ರೋಸ್ ಮಿಲ್ಕ್ ಹಾಗೆ ಕಂಡರೂ ಅಷ್ಟೇ. ರೇಡಿಯೇಟರ್ ಒಳಗಿನ ಕೂಲರ್ ಸೋರಿಯೋ, ಹೊಳೆ ದಾಟುವಾಗಲೋ ನೀರು ಸೇರಿದೆ ಎಂದರ್ಥ.

ತಮ್ಮನಿಗೆ ಹೀಗೆ ಹೇಳಿ. ಹಳೇ ಆಯಿಲ್ ತೆಗೆದ ಮೇಲೆ ಸ್ಲಿಪ್ ಆದ ಗಾಡಿ ನಾನೂ ನೋಡಿದ್ದೇನೆ. ಅವು ಮೊದಲೇ ಕ್ಲಚ್ ಸುಟ್ಟುಕೊಂಡವು. ಗೇರ್ ಜಾರಲು ಶುರುವಾದ ಮೇಲೆ ಕೊನೇ ಆಸೆಗೆ ಆಯಿಲ್ ಬದಲಿಸಿರುತ್ತಾರೆ. ನಿಮ್ಮ ಗಾಡಿ ಈಗ ಚೆನ್ನಾಗಿ ಓಡುತ್ತಿದೆಯಲ್ಲ, ಬದಲಿಸುವ ಸಮಯ ಇದೇ.

ಎರಡು ಮಾತು ಬಾಕಿ ಇದೆ. ತೋಟದೊಳಗೆ ಭಾರ ಹೊತ್ತು ಕಡಿದಾದ ಮಣ್ಣಿನ ಏರು ಹತ್ತುವಾಗ ಫೋರ್ ಲೋ, ಅಂದರೆ ಫೋರ್ ವೀಲ್ ಡ್ರೈವ್‌ನ ನಿಧಾನದ ಗೇರು, ಹಾಕಿ. ಕನ್ವರ್ಟರ್ ಮೇಲಿನ ಹೊರೆ ಇಳಿಯುತ್ತದೆ, ಆಯಿಲ್ ತಂಪಾಗಿರುತ್ತದೆ. ಶಿರಾಡಿ ಇಳಿಯುವಾಗ ಕೈಯಿಂದಲೇ ಕೆಳಗಿನ ಗೇರ್ ಹಿಡಿಯಿರಿ, ಬ್ರೇಕ್ ಉಳಿಯುತ್ತದೆ. ಇನ್ನು ಆ ಹಳೇ ಆಯಿಲ್. ಗೆದ್ದಲಿಗೆ ಒಳ್ಳೇದು ಅಂತ ಕೆಲವರು ಬೇಲಿ ಕಂಬದ ಬುಡಕ್ಕೆ ಸುರಿಯುತ್ತಾರೆ. ದಯವಿಟ್ಟು ಬೇಡ. ನಿಮ್ಮ ತೋಟದ ಹಳ್ಳ ಹೋಗಿ ಸೇರುವುದು ಹೇಮಾವತಿಗೆ. ಕ್ಯಾನಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಅನುಮತಿ ಇದ್ದವರಿಗೆ ಕೊಡುವ ವರ್ಕ್‌ಶಾಪಿಗೆ ಒಪ್ಪಿಸಿ.

ಪ್ರಶ್ನೆ: ಅಣ್ಣಾ, ನನ್ನದು ಬೊಲೆರೊ ಪಿಕಪ್, ಬಾಡಿಗೆಗೆ ಓಡಿಸ್ತೀನಿ. ಪವರ್ ಸ್ಟೀರಿಂಗ್‌ಗೆ ಹಾಕಿದ ಕೆಂಪು ಎಟಿಎಫ್ ಅರ್ಧ ಲೀಟರ್ ಉಳಿದಿದೆ. ಗೇರ್‌ಬಾಕ್ಸ್‌ಗೆ ಸೇರಿಸಬಹುದಾ?
– ಪಿಕಪ್ ಚಾಲಕರು, ಹಾವೇರಿ

ಉತ್ತರ: ಬೇಡ ತಮ್ಮಾ. ಎಷ್ಟೋ ಗಾಡಿಗಳ ಪವರ್ ಸ್ಟೀರಿಂಗ್‌ಗೆ ಎಟಿಎಫ್ ಹಾಕುವುದು ನಿಜ. ಸ್ಟೀರಿಂಗ್ ಡಬ್ಬಿಯ ಮುಚ್ಚಳದ ಮೇಲೆ ಅಥವಾ ಪುಸ್ತಕದಲ್ಲಿ ಬರೆದಿರುತ್ತದೆ. ನಿಮ್ಮದು ಕೈಯಲ್ಲಿ ಹಾಕುವ ಗೇರು, ಅದಕ್ಕೆ ಬೇಕಾದ ಗೇರ್ ಆಯಿಲ್ ಬೇರೆ, ದಪ್ಪ ಬೇರೆ. ಪುಸ್ತಕದಲ್ಲಿ ಬರೆದ ನಂಬರನ್ನೇ ತನ್ನಿ. ಆ ಅರ್ಧ ಲೀಟರಿನ ಮುಚ್ಚಳ ಬಿಗಿ ಮಾಡಿ, ನೀರು ಧೂಳು ತಾಗದ ಹಾಗೆ ಇಡಿ, ಮುಂದಿನ ಸಲ ಸ್ಟೀರಿಂಗ್‌ಗೇ ಬರುತ್ತದೆ. ಹಾಗೇ, ಸ್ಟೀರಿಂಗ್ ಆಯಿಲ್ ಕಡಿಮೆ ಆದದ್ದು ಯಾಕೆ ಎಂದು ನೋಡಿದಿರಾ? ಅದು ತಾನಾಗಿ ಖರ್ಚಾಗುವ ಆಯಿಲ್ ಅಲ್ಲ. ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ ಅಡಿಗೆ ರಟ್ಟು ಹಾಸಿ. ಬೆಳಿಗ್ಗೆ ಕೆಂಪು ಕಲೆ ಎಲ್ಲಿ ಬಿದ್ದಿದೆಯೋ ಅದರ ನೇರ ಮೇಲಿನ ಪೈಪು, ಕ್ಲಿಪ್ಪು ಮೊದಲು ನೋಡಿಸಿ.