ಮಂಗಳೂರಿನಲ್ಲಿ ಗಂಭೀರ ಕಾಯಿಲೆಯ ಮಕ್ಕಳನ್ನು ಕಂಡು ಅವರ ಆಸೆ ತಿಳಿಯುವ ಸ್ವಯಂಸೇವಕರ ಕೆಲಸವೇನು?

ಕೇಳಿಸಿಕೊಳ್ಳುವುದು. 1980ರಲ್ಲಿ ಅಮೆರಿಕದ ಅರಿಜೋನಾದಲ್ಲಿ, ರಕ್ತದ ಕ್ಯಾನ್ಸರ್ ಇದ್ದ ಏಳು ವರ್ಷದ ಹುಡುಗನೊಬ್ಬನ ಪೊಲೀಸನಾಗುವ ಆಸೆ ಈಡೇರಿತು. ಇಂಥ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್ ಸಂಸ್ಥೆ ಹುಟ್ಟಿದ್ದು ಅಲ್ಲಿಂದ.

ಹೆತ್ತವರ, ವೈದ್ಯರ ಒಪ್ಪಿಗೆ ಮೊದಲು ಬೇಕು. ‘ನಿನಗೇನು ಬೇಕು?’ ಎಂದು ನೇರವಾಗಿ ಕೇಳಿದರೆ ಮಗು ಅಮ್ಮನ ಮುಖ ನೋಡಿ, ಮನೆಗೆ ಹೊರೆಯಾಗದ ಉತ್ತರ ಕೊಡುತ್ತದೆ. ಬಣ್ಣದ ಪೆನ್ಸಿಲ್ ಕೊಟ್ಟು ಚಿತ್ರ ಬಿಡಿಸಲು ಹೇಳಿ. ಮನೆಮಾತು ತುಳುವೋ ಬ್ಯಾರಿಯೋ ಆಗಿದ್ದರೆ ಅದರಲ್ಲೇ ಮಾತನಾಡಿಸಿ. ಹುಲಿವೇಷ ಬಿಡಿಸಿದರೆ, ಕುಣಿತ ನೋಡಬೇಕೋ, ತಾನೇ ಹುಲಿಯಾಗಬೇಕೋ ವಿಚಾರಿಸಿ; ಎರಡೂ ಬೇರೆ ಆಸೆಗಳು. (ಮೈಗೆ ಬಣ್ಣ ಬಳಿಯಬಹುದೇ ಎಂದು ವೈದ್ಯರನ್ನು ಕೇಳದೆ ಹೂಂಗುಟ್ಟಬೇಡಿ.)

ಕೀಮೋಥೆರಪಿಯಲ್ಲಿರುವ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ. ನೆಗಡಿಯಿದ್ದರೆ ಆ ದಿನ ಹೋಗಲೇಬೇಡಿ.