ಟ್ಯಾಂಕಿನ ನೆರಳು ಬಿದ್ದಾಗ ಸೋಲಾರ್ ಉತ್ಪಾದನೆ ಕುಸಿದರೆ ಮೊದಲು ಏನು ನೋಡಬೇಕು?

ನಿಮ್ಮದು ಬೆಂಗಳೂರಿನ ಮನೆ, 400 ವ್ಯಾಟ್‌ನ 8 ಪ್ಯಾನೆಲ್, ಎಲ್ಲವೂ ಒಂದೇ ಸ್ಟ್ರಿಂಗ್, ಅಂದರೆ ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿದ್ದು. ಮಧ್ಯಾಹ್ನ ಎರಡರ ಮೇಲೆ ಟ್ಯಾಂಕಿನ ನೆರಳು 2 ಪ್ಯಾನೆಲ್ ಮೇಲೆ ಬಂದರೆ 2000 ವ್ಯಾಟ್ ಇದ್ದದ್ದು 600ಕ್ಕೆ ಇಳಿಯುತ್ತದೆ, ಆಪ್ಟಿಮೈಸರ್ (ಒಂದೊಂದು ಪ್ಯಾನೆಲ್‌ನ ಉತ್ಪಾದನೆಯನ್ನು ಬೇರೆಬೇರೆಯಾಗಿ ಸರಿಹೊಂದಿಸುವ ಸಾಧನ) ಹಾಕಿಸಲೇ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಎರಡು ಪ್ಯಾನೆಲ್ ಪೂರ್ತಿ ಸತ್ತರೂ 1500 ವ್ಯಾಟ್ ಬರಬೇಕು. ಉಳಿದ 900 ಎಲ್ಲಿ ಹೋಯಿತು ಅನ್ನೋದನ್ನು ಹುಡುಕಿ.

ನೆರಳು ಬಿದ್ದಿರುವಾಗಲೇ ಇನ್ವರ್ಟರ್ ಆ್ಯಪ್‌ನಲ್ಲಿ ಡಿಸಿ ವೋಲ್ಟ್, ಆಂಪ್ಸ್ ಎರಡನ್ನೂ ನೋಡಿ. ಬಿಸಿಲಿಗೆ ಕಾದ ಪ್ಯಾನೆಲ್ ಒಂದಕ್ಕೆ ಸುಮಾರು 37 ವೋಲ್ಟ್, ಎಂಟಕ್ಕೆ 296. ಪ್ರತಿ ಪ್ಯಾನೆಲ್‌ನಲ್ಲಿ 3 ಬೈಪಾಸ್ ಡಯೋಡ್ ಇರುತ್ತವೆ. ನೆರಳಿನ ಭಾಗವನ್ನು ಬದಿಗೆ ಬಿಟ್ಟು ಕರೆಂಟ್ ದಾಟಿಸುವುದೇ ಅವುಗಳ ಕೆಲಸ. ಅವು ಕೆಲಸ ಮಾಡುತ್ತಿದ್ದರೆ ವೋಲ್ಟೇಜ್ 220ರ ಆಸುಪಾಸಿಗೆ ಇಳಿದು 7 ಆಂಪ್ಸ್ ಹಾಗೇ ಇರುತ್ತದೆ. ಅದರ ಬದಲು ವೋಲ್ಟೇಜ್ 290ರ ಮೇಲೇ ನಿಂತು ಆಂಪ್ಸ್ 2ಕ್ಕೆ ಬಿದ್ದಿದೆಯೇ? ಹಾಗಾದರೆ ಇನ್ವರ್ಟರ್‌ನ ಎಂಪಿಪಿಟಿ (ಅತಿ ಹೆಚ್ಚು ಪವರ್ ಸಿಗುವ ವೋಲ್ಟೇಜ್ ಹುಡುಕುವ ಭಾಗ) ತಪ್ಪು ಶಿಖರದಲ್ಲಿ ಸಿಕ್ಕಿಕೊಂಡಿದೆ. ನೆರಳಿದ್ದಾಗ ಪವರ್ ಕರ್ವ್‌ನಲ್ಲಿ (ಯಾವ ವೋಲ್ಟೇಜ್‌ಗೆ ಎಷ್ಟು ಪವರ್ ಎಂದು ತೋರಿಸುವ ಗೆರೆ) ಒಂದಕ್ಕಿಂತ ಹೆಚ್ಚು ಶಿಖರ ಏಳುತ್ತವೆ, ಅದು ಹತ್ತಿರದ್ದನ್ನೇ ಹಿಡಿದು ಕೂರುತ್ತದೆ. ನಿಮ್ಮ ಅಂಕಿ ನೋಡಿದರೆ ನನಗೆ ಅನುಮಾನ ಇದರ ಮೇಲೇ. ಹಲವು ಇನ್ವರ್ಟರ್‌ಗಳ ಸೆಟ್ಟಿಂಗ್ಸ್‌ನಲ್ಲಿ 'ಶ್ಯಾಡೋ ಸ್ಕ್ಯಾನ್', 'ಮಲ್ಟಿ ಪೀಕ್ ಸ್ಕ್ಯಾನ್' ಅಥವಾ ಅಂಥದ್ದೇ ಹೆಸರಿನ ಆಯ್ಕೆ ಇರುತ್ತದೆ. ಎಷ್ಟೋ ಕಡೆ ಅದನ್ನು ಆನ್ ಮಾಡಿಯೇ ಇರುವುದಿಲ್ಲ. ಆನ್ ಮಾಡಲು ಕಾಸೂ ಖರ್ಚಿಲ್ಲ.

ಸ್ಟ್ರಿಂಗನ್ನು 4+4 ಮಾಡಿ ಎರಡು ಎಂಪಿಪಿಟಿಗೆ ಕೊಡಿ ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ನಾಲ್ಕರಲ್ಲಿ ಎರಡು ನೆರಳಿಗೆ ಹೋದರೆ ಉಳಿಯುವುದು 74 ವೋಲ್ಟ್. ಇನ್ವರ್ಟರ್‌ನ ಕನಿಷ್ಠ ವೋಲ್ಟೇಜ್ ಅದಕ್ಕಿಂತ ಹೆಚ್ಚಿದ್ದರೆ ಚೆನ್ನಾಗಿರುವ ಎರಡೂ ಸುಮ್ಮನೆ ಕೂರುತ್ತವೆ. ಡೇಟಾಶೀಟ್ ನೋಡದೆ ವೈರ್ ಮುಟ್ಟಿಸಬೇಡಿ.

ಜಾಗ ಇದ್ದರೆ ಆ ಎರಡು ಪ್ಯಾನೆಲ್‌ಗಳನ್ನು ಟ್ಯಾಂಕಿನ ದಕ್ಷಿಣಕ್ಕೆ ಸರಿಸಿ. ಡಿಸೆಂಬರ್ ಕೊನೆಯಲ್ಲಿ ಮೂರೂಕಾಲರ ಹೊತ್ತಿಗೆ ಬೆಂಗಳೂರಿನಲ್ಲಿ ನೆರಳು ಎತ್ತರದ ಒಂದೂವರೆ ಪಟ್ಟು, ಅದೂ ಈಶಾನ್ಯಕ್ಕೆ. ಎತ್ತರವನ್ನು ಪ್ಯಾನೆಲ್ ಮಟ್ಟದಿಂದ ಅಳೆಯಿರಿ, ನೆಲದಿಂದ ಅಲ್ಲ. 2 ಮೀಟರ್ ಇದ್ದರೆ ನೆರಳು 3 ಮೀಟರ್. ಜೂನ್‌ನಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೇ ಬೀಳುತ್ತದೆ, ಆದರೆ ಎತ್ತರದ ಐದನೇ ಒಂದು ಭಾಗವೂ ಇರುವುದಿಲ್ಲ.

ವೈರಿಂಗ್ ಬಿಚ್ಚಿಸುವಾಗ ಮೊದಲು ಇನ್ವರ್ಟರ್, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್‌ಗಳಿಂದ ಇನ್ವರ್ಟರ್‌ಗೆ ಬರುವ ಸಂಪರ್ಕ ಕಡಿಯುವ ಸ್ವಿಚ್) ಆಫ್, ಅದಾದ ಮೇಲಷ್ಟೇ ಪ್ಯಾನೆಲ್ ವೈರ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್. ಲೋಡ್ ಇರುವಾಗ ಎಳೆದರೆ ಡಿಸಿ ಕಿಡಿ ಬೇಗ ಆರುವುದಿಲ್ಲ, ಕೈ ಸುಡುತ್ತದೆ. ಐಸೊಲೇಟರ್ ಆಫ್ ಆದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ ಕಡೆ ಸುಮಾರು 390 ವೋಲ್ಟ್ ಇದ್ದೇ ಇರುತ್ತದೆ. ಬಿಚ್ಚಿದಾಗ ಒಂದೊಂದರ ಓಪನ್ ವೋಲ್ಟೇಜ್ ಅಳೆಸಿ: 49ರ ಹತ್ತಿರ ಇರಬೇಕಾದದ್ದು 32 ತೋರಿಸಿದರೆ ಒಂದು ಡಯೋಡ್ ಶಾರ್ಟ್ ಆಗಿದೆ.

ಇಷ್ಟಾದರೂ ಸಾಲದಿದ್ದರೆ ಆಪ್ಟಿಮೈಸರ್. ಟೈಗೋ ಥರದ್ದನ್ನು ನೆರಳಿನ ಎರಡಕ್ಕೆ ಮಾತ್ರ ಹಾಕಬಹುದು. ಸೋಲಾರ್‌ಎಡ್ಜ್ ಆದರೆ ಎಂಟಕ್ಕೂ ಬೇಕು, ಇನ್ವರ್ಟರೂ ಅವರದ್ದೇ. ಯಾವುದನ್ನು ಹಾಕಿದರೂ ಆ ಎರಡು ಪ್ಯಾನೆಲ್‌ಗಳಿಂದ ಸಿಗುವುದು ನೆರಳಲ್ಲಿ ಉಳಿದ ಬೆಳಕಿನಷ್ಟು ಮಾತ್ರ.