ಮೊದಲ ಸಲ ವಜ್ರ ಕೊಳ್ಳುವಾಗ ಏನೇನು ನೋಡಬೇಕು?

ಮೊದಲ ಸಲ ವಜ್ರದ ಉಂಗುರ ಕೊಳ್ಳುತ್ತಿದ್ದೀರಿ, ಅಂಗಡಿಯವರು ಹೇಳುವ ವಿವಿಎಸ್, ಎಫ್ ಕಲರ್ ಒಂದೂ ತಲೆಗೆ ಹತ್ತುತ್ತಿಲ್ಲ, ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ನಕಲಿಯೇ ಅನ್ನುವ ಅನುಮಾನ ಬೇರೆ. ಇದೇ ತಾನೇ ನಿಮ್ಮ ಪ್ರಶ್ನೆ? ನಾನು ವ್ಯಾಪಾರಿಯಲ್ಲ. ಒಮ್ಮೆ ಎಡವಿ, ಆಮೇಲೆ ಕೂತು ಕಲಿತವಳು.

ಎಡವಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕೊಂಡ ಮೊದಲ ಹರಳು ಕಾಗದದ ಮೇಲೆ ಭರ್ಜರಿಯಾಗಿತ್ತು. ಒಂದು ಕ್ಯಾರೆಟ್ ತೂಕ, ಬಣ್ಣ ಇ, ಕ್ಲಾರಿಟಿ ಅಂದರೆ ಒಳಗಿನ ಚೊಕ್ಕತನ ವಿವಿಎಸ್1, ಎರಡೂ ಮೇಲಿನ ದರ್ಜೆಗಳೇ. ಅಂಗಡಿಯಲ್ಲಿ ಕಣ್ಣು ಕುಕ್ಕುವಂತೆ ಮಿಂಚಿತು. ಮನೆಗೆ ತಂದು ಕಿಟಕಿ ಹತ್ತಿರ ಹಿಡಿದರೆ ನಡುವೆ ಮಂಕು, ಗಾಜಿನ ಚೂರಿನ ಹಾಗೆ. ಸರ್ಟಿಫಿಕೇಟ್ ತೆಗೆದು ನೋಡಿದೆ. ಕಟ್ ಅನ್ನುವ ಕಡೆ ‘ಫೇರ್’ ಎಂದಿತ್ತು. ಫೇರ್ ಅಂದರೆ ಪರವಾಗಿಲ್ಲ ಅಂತ ಅಲ್ವಾ? ಅಲ್ಲ. ಎಕ್ಸಲೆಂಟ್, ವೆರಿ ಗುಡ್, ಗುಡ್, ಫೇರ್, ಪೂರ್ ಎಂದು ಐದು ದರ್ಜೆ. ನನ್ನದು ಕೊನೆಯಿಂದ ಎರಡನೆಯದು.

ಹಾಗಾಗಿ ಕಟ್‌ನಿಂದಲೇ ಶುರು ಮಾಡುತ್ತೇನೆ. ಕಟ್ ಅಂದರೆ ದುಂಡಗೋ ಚೌಕವೋ ಅನ್ನುವ ಆಕಾರ ಅಲ್ಲ. ಹರಳಿನ ಮುಖಗಳನ್ನು ಎಷ್ಟು ಓರೆಯಾಗಿ, ಎಷ್ಟು ಆಳವಾಗಿ ಕೊರೆದಿದ್ದಾರೆ ಅನ್ನುವುದು. ಬೆಳಕು ಮೇಲಿನಿಂದ ಒಳಗೆ ಹೋಗಿ, ಕೆಳಗಿನ ಓರೆಗೆ ಬಡಿದು, ಎದುರಿನ ಓರೆಗೆ ಹಾರಿ, ಮತ್ತೆ ಮೇಲಿನಿಂದ ನಮ್ಮ ಕಣ್ಣಿಗೆ ಬರಬೇಕು. ವಜ್ರ ಬೆಳಕನ್ನು ತುಂಬಾ ಬಾಗಿಸುವ ವಸ್ತು. ಅದರ ವಕ್ರೀಭವನ ಸೂಚ್ಯಂಕ 2.42, ಸಾಮಾನ್ಯ ಗಾಜಿನದು 1.5ರ ಆಸುಪಾಸು. ಹಾಗಾಗಿ ಕೋನ ಸರಿ ಇದ್ದರೆ ಒಳಗೆ ಹೋದ ಬೆಳಕು ಬಹುಪಾಲು ವಾಪಸ್ ಬರುತ್ತದೆ. ಆಳ ಕಡಿಮೆಯಾದರೂ ಹೆಚ್ಚಾದರೂ ಅದು ತಳದಲ್ಲಿಯೋ ಪಕ್ಕದಲ್ಲಿಯೋ ಸೋರಿ ಹೋಗುತ್ತದೆ. ದುಂಡನೆಯ ಹರಳಿಗೆ ಈ ಲೆಕ್ಕವನ್ನು 1919ರಲ್ಲೇ ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬ ಎಂಜಿನಿಯರ್ ಬರೆದಿಟ್ಟ. ಅವನದು ವಜ್ರ ಕೊರೆಯುವ ಮನೆತನ.

ಲೆಕ್ಕ ಗೊತ್ತಿದ್ದೂ ಕೆಟ್ಟದಾಗಿ ಯಾಕೆ ಕೊರೆಯುತ್ತಾರೆ? ತೂಕಕ್ಕಾಗಿ. ಒರಟು ಕಲ್ಲನ್ನು ಸರಿಯಾದ ಕೋನಕ್ಕೆ ತರಬೇಕಾದರೆ ಜಾಸ್ತಿ ಉಜ್ಜಿ ಕಳೆಯಬೇಕು. ಮಾರುವುದು ಕ್ಯಾರೆಟ್ ಲೆಕ್ಕದಲ್ಲಿ. ಹೊಟ್ಟೆ ದಪ್ಪ ಬಿಟ್ಟರೆ ತೂಕ ಉಳಿಯುತ್ತದೆ. ನನ್ನ ಹರಳಿನ ಕಥೆ ಅದೇ. ಚೆನ್ನಾಗಿ ಕೊರೆದ ಒಂದು ಕ್ಯಾರೆಟ್‌ನ ದುಂಡು ಹರಳು ಸುಮಾರು 6.4ರಿಂದ 6.5 ಮಿಲಿಮೀಟರ್ ಅಗಲ ಇರುತ್ತದೆ. ನನ್ನದು 6.2. ಒಂದು ಕ್ಯಾರೆಟ್‌ಗೆ ಹಣ ಕೊಟ್ಟು 0.88 ಕ್ಯಾರೆಟ್‌ನಷ್ಟು ಅಗಲದ ಹರಳು ತಂದಿದ್ದೆ. ಉಳಿದದ್ದೆಲ್ಲ ಉಂಗುರದೊಳಗೆ, ಯಾರಿಗೂ ಕಾಣದ ಜಾಗದಲ್ಲಿ.

ಅದಕ್ಕೇ ನೋಡುವ ಕ್ರಮ ಮುಖ್ಯ. ಅಂಗಡಿಯ ದೀಪಗಳನ್ನು ನಂಬಬೇಡಿ. ಸಣ್ಣ ಸಣ್ಣ ಪ್ರಖರ ದೀಪದ ಕೆಳಗೆ ಗಾಜೂ ಮಿಂಚುತ್ತದೆ. ಹರಳನ್ನು ಬಾಗಿಲ ಹತ್ತಿರ ತನ್ನಿ, ಆಮೇಲೆ ಮೇಜಿನ ನೆರಳಿನಲ್ಲಿ ಹಿಡಿಯಿರಿ. ಕೈ ಅಲ್ಲಾಡಿಸಿ ನೋಡಿ. ಒಂದನ್ನೇ ನೋಡಬೇಡಿ, ಪಕ್ಕದಲ್ಲಿ ಇನ್ನೂ ಎರಡು ಇಡಿಸಿ. ಒಂದೇ ಹರಳು ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಇಷ್ಟಕ್ಕೂ ಒಪ್ಪದ ಅಂಗಡಿಯಾದರೆ ಎದ್ದು ಬನ್ನಿ, ಸಂಕೋಚ ಬೇಡ.

ಇನ್ನೊಂದು ವಿಷಯ. ವಜ್ರ ಪರೀಕ್ಷಿಸುವ ಅಮೆರಿಕದ ಜಿಐಎ ಲ್ಯಾಬ್ ಕಟ್‌ಗೆ ದರ್ಜೆ ಕೊಡಲು ಶುರು ಮಾಡಿದ್ದು 2006ರಲ್ಲಿ, ಅದೂ ದುಂಡನೆಯ ಬ್ರಿಲಿಯಂಟ್ ಹರಳಿಗೆ. ಅಂಡಾಕಾರ, ಚೌಕ, ಹನಿಯಾಕಾರ ಕೊಂಡರೆ ಅವರ ಕಾಗದದಲ್ಲಿ ಪಾಲಿಶ್ (ಮೇಲ್ಮೈ ನಯ), ಸಿಮೆಟ್ರಿ (ಮುಖಗಳ ಸಮತೆ) ಇವುಗಳ ಮುಂದೆ ಎಕ್ಸಲೆಂಟ್ ಎಂದು ಕಾಣಬಹುದು. ಅದನ್ನೇ ಕಟ್ ಅಂದುಕೊಂಡು ಮೋಸ ಹೋಗುವವರು ಬಹಳ. ಅಂಡಾಕಾರದ ಹರಳಿನ ನಡುವೆ ಬೋ ಟೈ ಕಟ್ಟಿದ ಹಾಗೆ ಕಪ್ಪು ನೆರಳು ಬೀಳುತ್ತದೆಯೇ ಎಂದು ಕಣ್ಣಲ್ಲೇ ನೋಡಬೇಕು.

ಕ್ಯಾರೆಟ್ ಬರೀ ತೂಕ. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರ ನೂರನೇ ಭಾಗ ಒಂದು ಸೆಂಟ್. ಚಿನ್ನದ ಕ್ಯಾರೆಟ್ ಶುದ್ಧತೆಯ ಲೆಕ್ಕ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅರ್ಧ, ಒಂದು, ಒಂದೂವರೆ ಎಂಬ ಗುಂಡು ಅಂಕಿಗಳಲ್ಲಿ ಬೆಲೆ ದಿಢೀರನೆ ಮೇಲೇರುತ್ತದೆ. 0.92ರ ಹರಳಿಗೂ 1.00ಕ್ಕೂ ಅಗಲದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಬೆರಳಿನ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಸಣ್ಣ ಹರಳುಗಳ ಒಡವೆಗೆ ‘ಒಟ್ಟು 1 ಕ್ಯಾರೆಟ್’ ಎಂದು ಬರೆದಿದ್ದರೆ ಅದನ್ನು ಒಂಟಿ ಹರಳಿನ ಬೆಲೆಗೆ ಹೋಲಿಸಬೇಡಿ. ಚೂರುಗಳು ತುಂಬಾ ಅಗ್ಗ.

ಕ್ಲಾರಿಟಿ ವಿಷಯದಲ್ಲಿ ಜನ ಸುಮ್ನೆ ಹಣ ಸುರಿಯುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಕಾಣುವ ಕಲೆಗಳ ಲೆಕ್ಕ ಅದು. ವಿವಿಎಸ್ ಅಂದರೆ ಅದರಲ್ಲೂ ಕಷ್ಟಪಟ್ಟು ಹುಡುಕಬೇಕಾದ ಚುಕ್ಕೆ. ಅದಕ್ಕಿಂತ ಕೆಳಗಿನ ದರ್ಜೆಯ ವಿಎಸ್2 ಹರಳಿನಲ್ಲೂ ಬರಿಗಣ್ಣಿಗೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಅದರ ಕೆಳಗಿನ ಎಸ್ಐ1ರಲ್ಲೂ ಎಷ್ಟೋ ಸಲ ಕಾಣುವುದಿಲ್ಲ. ದರ್ಜೆಗಿಂತ ಕಲೆ ಎಲ್ಲಿದೆ ಅನ್ನುವುದನ್ನು ನೋಡಿ. ನಟ್ಟನಡುವೆ ಕಪ್ಪು ಚುಕ್ಕೆ ಬೇಡ. ಅಂಚಿಗೆ ಬಂದು ತಲುಪಿದ ಬಿರುಕು ಇನ್ನೂ ಬೇಡ, ಪೆಟ್ಟು ಬಿದ್ದರೆ ಅಲ್ಲೇ ಚಕ್ಕೆ ಏಳಬಹುದು. ಒಂದು ಎಚ್ಚರಿಕೆ: ಎಮರಾಲ್ಡ್ ಕಟ್‌ನಂಥ ಅಗಲ ಮೆಟ್ಟಿಲುಗಳ ಹರಳು ಏನನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ಕ್ಲಾರಿಟಿಗೆ ಸ್ವಲ್ಪ ಜಾಸ್ತಿ ಕೊಡಬೇಕು.

ಬಣ್ಣ ಡಿಯಿಂದ ಝಡ್‌ವರೆಗೆ. ಡಿ ಪೂರ್ತಿ ಬಣ್ಣರಹಿತ, ಕೆಳಗೆ ಹೋದಂತೆ ಹಳದಿ ಛಾಯೆ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಐ, ಜೆ ಕೂಡ ಬೆಳ್ಳಗೇ ಕಾಣುತ್ತದೆ. ಪ್ಲಾಟಿನಂ ಆದರೆ ಜಿ, ಎಚ್ ಸಾಕು.

ಇನ್ನು ಕಾಗದ. ಮಾರುವವರೇ ಅಚ್ಚು ಹಾಕಿಸಿದ ಕಾರ್ಡ್ ಸರ್ಟಿಫಿಕೇಟ್ ಅಲ್ಲ. ಜಿಐಎ, ಐಜಿಐನಂಥ ಹೊರಗಿನ ಲ್ಯಾಬ್‌ನದು ಇರಬೇಕು. ಹರಳಿನ ನಡುಪಟ್ಟಿಯ ಮೇಲೆ ವರದಿಯ ನಂಬರನ್ನು ಲೇಸರ್‌ನಲ್ಲಿ ಕೊರೆದಿದ್ದರೆ ಭೂತಗನ್ನಡಿಯಲ್ಲಿ ತೋರಿಸಲು ಹೇಳಿ, ಲ್ಯಾಬ್‌ನ ವೆಬ್‌ಸೈಟ್‌ನಲ್ಲಿ ಅದೇ ನಂಬರ್ ಹಾಕಿ ನೋಡಿ. ಬಿರುಕಿಗೆ ಗಾಜು ತುಂಬಿದ ಹರಳುಗಳೂ ಇವೆ. ನೋಡಲು ಚೊಕ್ಕ, ಆದರೆ ಮುಂದೊಂದು ದಿನ ಉಂಗುರ ಸಡಿಲ ಮಾಡಿಸಲು ಕೊಟ್ಟಾಗ ಅಕ್ಕಸಾಲಿಗರ ಬೆಂಕಿಗೆ ಆ ಗಾಜು ಹಾಳಾಗುತ್ತದೆ. ಹರಳು ಗಣಿಯದೋ ಲ್ಯಾಬ್‌ನಲ್ಲಿ ಬೆಳೆಸಿದ್ದೋ, ಇಂಥ ಯಾವುದಾದರೂ ರಿಪೇರಿ ಆಗಿದೆಯೋ, ಎರಡನ್ನೂ ಬಿಲ್‌ನಲ್ಲೇ ಬರೆಸಿ. ಬಾಯಿ ಮಾತು ಲೆಕ್ಕಕ್ಕಿಲ್ಲ.

ಲ್ಯಾಬ್ ವಜ್ರ ನಕಲಿಯಲ್ಲ. ಅದೂ ಇಂಗಾಲವೇ, ಅಷ್ಟೇ ಗಟ್ಟಿ, ಅದೇ ಹೊಳಪು. ಜನರಲ್ ಎಲೆಕ್ಟ್ರಿಕ್ ಕಂಪನಿ 1954ರಲ್ಲೇ ವಿಪರೀತ ಒತ್ತಡ, ಶಾಖ ಕೊಟ್ಟು ವಜ್ರ ಮಾಡಿತ್ತು. ಈಗ ಅನಿಲದಿಂದ ಪದರ ಪದರವಾಗಿ ಬೆಳೆಸುವ ಸಿವಿಡಿ ವಿಧಾನವೂ ಇದೆ. ಭೂತಗನ್ನಡಿ ಹಿಡಿದ ಪಳಗಿದ ಕಣ್ಣೂ ಖಚಿತವಾಗಿ ವ್ಯತ್ಯಾಸ ಹೇಳಲಾರದು, ಉಪಕರಣ ಬೇಕು. ವ್ಯತ್ಯಾಸ ಇರುವುದು ಬೆಲೆಯಲ್ಲಿ. ಎಷ್ಟು ಬೇಕೋ ಅಷ್ಟು ಮಾಡಬಹುದಾದ್ದರಿಂದ ಲ್ಯಾಬ್ ವಜ್ರದ ಬೆಲೆ ವರ್ಷ ವರ್ಷ ಕುಸಿದಿದೆ. ಹಾಕಿಕೊಂಡು ಖುಷಿಪಡಲು ಬೇಕಿದ್ದರೆ ಧಾರಾಳವಾಗಿ ಕೊಳ್ಳಿ. ಮುಂದೆ ಮಾರುವ ಯೋಚನೆ ಇದ್ದರೆ ಬೇಡ.

ನಕಲಿ ಎನ್ನಬೇಕಾದದ್ದು ವಜ್ರ ಎಂದು ಹೇಳಿ ಮಾರುವ, ವಜ್ರದಂತೆ ಕಾಣುವ ಬೇರೆ ಹರಳುಗಳಾದ ಜಿರ್ಕೋನಿಯಾ, ಮೊಯ್ಸನೈಟ್‌ಗಳನ್ನು. ಮೊಯ್ಸನೈಟ್ ಸ್ವಲ್ಪ ಕಿಲಾಡಿ. ಶಾಖ ಎಷ್ಟು ಬೇಗ ಹರಿಯುತ್ತದೆ ಎಂದು ನೋಡುವ ಪೆನ್ನಿನಂಥ ಟೆಸ್ಟರ್ ಅದನ್ನೂ ವಜ್ರ ಎಂದೇ ತೋರಿಸುತ್ತದೆ. ಆದರೆ ಕಾಮನಬಿಲ್ಲಿನ ಬಣ್ಣಗಳು ಅತಿಯಾಗಿ ಚಿಮ್ಮುತ್ತವೆ. ನೋಡಿ ನೋಡಿ ಅಭ್ಯಾಸವಾದರೆ ಗುರುತು ಸಿಗುತ್ತದೆ. ದಯವಿಟ್ಟು ಸುತ್ತಿಗೆಯಿಂದ ಹೊಡೆದು ಪರೀಕ್ಷೆ ಮಾಡಬೇಡಿ. ವಜ್ರಕ್ಕೆ ಗೀರು ಬೀಳುವುದು ಕಷ್ಟ, ಒಡೆಯುವುದು ಅಷ್ಟೇನೂ ಕಷ್ಟವಲ್ಲ. ಪದರಗುಂಟ ಪೆಟ್ಟು ಬಿದ್ದರೆ ಅಸಲಿಯೂ ಸೀಳುತ್ತದೆ.

ಗಣಿಯ ವಜ್ರವನ್ನೂ ಉಳಿತಾಯ ಎಂದು ಕೊಳ್ಳಬೇಡಿ. ಚಿನ್ನಕ್ಕೆ ದಿನದ ಬೆಲೆ ಇದೆ. ವಜ್ರಕ್ಕೆ ಹಾಗಿಲ್ಲ, ಒಂದೊಂದು ಹರಳೂ ಬೇರೆ. ನಾನು ಆ ಮಂಕು ಹರಳನ್ನು ವಾಪಸ್ ಕೊಡಲು ಹೋದಾಗ ಅವರು ಹೇಳಿದ ಮೊತ್ತ ಕೇಳಿ, ಮಾತಾಡದೆ ಉಂಗುರವನ್ನು ಮತ್ತೆ ಬೆರಳಿಗೆ ಹಾಕಿಕೊಂಡು ಬಂದೆ. ವಾಪಸ್ ಕೊಟ್ಟರೆ ಎಷ್ಟು, ಬದಲಾಯಿಸಿದರೆ ಎಷ್ಟು ಎನ್ನುವುದನ್ನು ಕೊಳ್ಳುವ ದಿನವೇ ಬರೆಸಿಕೊಳ್ಳಿ.

ಕೊಂಡ ಮೇಲೆ ತೊಳೆಯುತ್ತಿರಿ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಚೆನ್ನಾಗಿ ಅಂಟುತ್ತದೆ. ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಪುಡಿಗಲ್ಲು ಹರಿಸಿ ವಜ್ರ ಹಿಡಿಯುತ್ತಿದ್ದದ್ದು ಈ ಗುಣದಿಂದಲೇ. ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರು, ಮೆತ್ತನೆಯ ಬ್ರಷ್ ಸಾಕು.

ನೀವು ನೋಡಿರುವುದು ದುಂಡು ಹರಳಾದರೆ ವರದಿಯಲ್ಲಿ ಅಗಲ ಎಷ್ಟು ಮಿಲಿಮೀಟರ್, ಆಳ ಅಗಲದ ಶೇಕಡಾ ಎಷ್ಟು ಎಂದು ಇರುತ್ತದೆ. ಅವೆರಡನ್ನೂ ಕ್ಯಾರೆಟ್ ಜೊತೆ ಇಲ್ಲಿ ಬರೆಯಿರಿ. ಆಳ 59ರಿಂದ 62ರ ಆಸುಪಾಸು ಇದ್ದರೆ ಮುಂದೆ ಮಾತಾಡೋಣ. ನನ್ನದು 66 ಇತ್ತು.